ಮೊದಲು ಓಡಿ ಬರುವವರ ಮನಸ್ಸಿಗೊಂದು ತಾಲೀಮು

ಶಿವಮೊಗ್ಗದಲ್ಲಿ, ಮಳೆಗಾಲಕ್ಕೆ ಮುಂಚೆ ನಡೆದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಎದುರಿಗೆ ಕೂತಿದ್ದವರು ಅಗ್ನಿಶಾಮಕ ದಳದವರು, 108 ಆಂಬುಲೆನ್ಸಿನವರು, ಪೊಲೀಸರು, ಗೃಹರಕ್ಷಕರು, ಆಶಾ ಕಾರ್ಯಕರ್ತೆಯರು, ಪವರ್‌ಮ್ಯಾನ್‌ಗಳು, ಪಿಕಪ್ ಗಾಡಿ ಓಡಿಸುವವರು, ಈಜು ಬಲ್ಲ ಹುಡುಗರು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಅವಘಡ ಆದ ಜಾಗಕ್ಕೆ ಮೊದಲು ಬರುವವರು ಯಾರು ಅಂತ ಕೇಳಿದರೆ ಸರ್ಕಾರಿ ಕಾಗದಗಳಲ್ಲಿ ಮೂರು ಹೆಸರು ಸಿಗುತ್ತವೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್. ಶಿವಮೊಗ್ಗ ಪೇಟೆಯೊಳಗೆ ಅದು ಸರಿ. ಹೊಸನಗರದಿಂದ ಆಚೆ, ತೀರ್ಥಹಳ್ಳಿಯ ಒಳಗಿನ ಊರುಗಳಲ್ಲಿ, ಶರಾವತಿ ಹಿನ್ನೀರಿನ ದಡದಲ್ಲಿ ಹಾಗಿಲ್ಲ. ಧರೆ ಕುಸಿದು ಮನೆ ಮೇಲೆ ಬಿದ್ದರೆ ಮೊದಲು ಗುದ್ದಲಿ ಹಿಡಿದು ಓಡುವವನು ಪಕ್ಕದ ಮನೆಯವನು. ಹಳ್ಳದಲ್ಲಿ ಯಾರೋ ಕೊಚ್ಚಿ ಹೋದರೆ ಮೊದಲು ನೀರಿಗೆ ಇಳಿಯುವವನು ಊರಿನ ಈಜುಗಾರ. ಅಡಿಕೆ ಕೊಯ್ಯುವ ಕೊನೆಗಾರ ಮರದಿಂದ ಬಿದ್ದರೆ ಅವನನ್ನು ಆಸ್ಪತ್ರೆಗೆ ಮುಟ್ಟಿಸುವುದು ಯಾರದೋ ಪಿಕಪ್. ಆಂಬುಲೆನ್ಸ್ ಬರುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತದೆ, ಕೆಲವು ಸಲ ಜೀವವೇ ಹೋಗಿರುತ್ತದೆ. ಇದರಲ್ಲಿ ಆಂಬುಲೆನ್ಸಿನವರ ತಪ್ಪಿಲ್ಲ. ನಮ್ಮ ರಸ್ತೆ, ನಮ್ಮ ಮಳೆ, ನಮ್ಮ ದೂರ ಹಾಗಿದೆ. ಸಿಗಂದೂರಿನ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಹಿನ್ನೀರು ದಾಟಿಸುವ ಲಾಂಚ್ ಬರುವವರೆಗೆ ಕಾಯುವುದೇ ದಾರಿಯಾಗಿತ್ತು.

ಹಾಗಾಗಿ ಇವತ್ತು ನಾನು ಮಾತಾಡುವುದು ಸಮವಸ್ತ್ರ ಇರುವವರ ಬಗ್ಗೆ ಎಷ್ಟೋ, ಇಲ್ಲದವರ ಬಗ್ಗೆಯೂ ಅಷ್ಟೇ. ನೀವೆಲ್ಲ ನೋಡಬಾರದ್ದನ್ನು ನೋಡುತ್ತೀರಿ, ಮುಟ್ಟಬಾರದ್ದನ್ನು ಮುಟ್ಟುತ್ತೀರಿ. ಆಮೇಲೆ ಮನೆಗೆ ಹೋಗಿ ಊಟ ಮಾಡಬೇಕು, ಮಕ್ಕಳ ಹೋಂವರ್ಕ್ ನೋಡಬೇಕು, ಮತ್ತೆ ಫೋನ್ ಬಂದರೆ ಹೊರಡಬೇಕು. ಹಗ್ಗ ಕಟ್ಟುವುದನ್ನು, ಎದೆ ಒತ್ತುವುದನ್ನು ಕಲಿಸುವವರಿದ್ದಾರೆ. ಮನಸ್ಸಿಗೆ ಏನು ಮಾಡಬೇಕು ಅಂತ ಕಲಿಸುವವರು ಕಡಿಮೆ. ಅದನ್ನು ಮೊಬೈಲ್ ಮೂಲಕ ಕಲಿಸಬಹುದಾ? ಕಲಿಸಬಹುದು ಅಂತ ನಾನು ನಂಬಿದ್ದೇನೆ. ಆದರೆ ನಮ್ಮ ಘಟ್ಟದ ಬದುಕಿಗೆ ಹೊಂದುವ ಹಾಗೆ ಮಾಡಿದರೆ ಮಾತ್ರ.

2021ರ ಜನವರಿ 21ರ ರಾತ್ರಿ ನೆನಪಿದೆಯಲ್ಲ? ಇಲ್ಲಿ ಕೂತವರಲ್ಲಿ ಯಾರಿಗೂ ಮರೆತಿರಲಿಕ್ಕಿಲ್ಲ. ಶಿವಮೊಗ್ಗದ ಹತ್ತಿರ ಹುಣಸೋಡಿನ ಕಲ್ಲು ಕ್ವಾರಿಯ ಬಳಿ ಸ್ಫೋಟಕ ತುಂಬಿದ ಲಾರಿ ಸಿಡಿದ ರಾತ್ರಿ. ಚಿಕ್ಕಮಗಳೂರು, ದಾವಣಗೆರೆ ಕಡೆಯವರೆಗೂ ಸದ್ದು, ಕಂಪನ. ಊರಿಗೆ ಊರೇ ಭೂಕಂಪ ಅಂದುಕೊಂಡು ಅಂಗಳಕ್ಕೆ ಬಂದು ನಿಂತಿತ್ತು. ಆ ಹೊತ್ತಲ್ಲಿ ಜನ ಓಡುವ ದಿಕ್ಕಿಗೆ ಬೆನ್ನು ಹಾಕಿ ಸದ್ದು ಬಂದ ಕಡೆಗೆ ಹೋದವರಿದ್ದಾರೆ. ಕತ್ತಲು, ಧೂಳು, ಸಿಡಿಯದೆ ಉಳಿದದ್ದು ಇನ್ನೂ ಇದೆಯೋ ಏನೋ ಎಂಬ ಭಯ. ಮಾರನೇ ದಿನ ಪೇಪರಿನಲ್ಲಿ ಸತ್ತವರ ಸಂಖ್ಯೆ ಬಂತು, ಕ್ವಾರಿ ಲೈಸೆನ್ಸಿನ ಚರ್ಚೆ ಬಂತು. ಅದೆಲ್ಲ ಬೇಕಿತ್ತು. ಆದರೆ ಆ ರಾತ್ರಿ ಅಲ್ಲಿ ನಡೆದಾಡಿದವರು ಮುಂದಿನ ವಾರ ಹೇಗೆ ನಿದ್ದೆ ಮಾಡಿದರು ಅಂತ ಯಾರೂ ಬರೆಯಲಿಲ್ಲ.

2024ರ ಜುಲೈ 16ರಂದು ಘಟ್ಟದ ಕೆಳಗೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿ ಹೊಳೆಯೊಳಗೆ ಸಿಕ್ಕಿಕೊಂಡಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನ ಹುಡುಕಿದವರ ಬಗ್ಗೆ ಯೋಚಿಸಿ. ದಡದಲ್ಲಿ ಮನೆಯವರು ಕಾಯುತ್ತಿದ್ದಾರೆ, ಟಿವಿ ಕ್ಯಾಮೆರಾ ನಿಂತಿದೆ, ಹೊಳೆ ಒಳಗೆ ಬಿಡುತ್ತಿಲ್ಲ. ಇಂಥ ಕೆಲಸದಲ್ಲಿ ದಿನ ದಿನಕ್ಕೂ ಸ್ವಲ್ಪ ಸ್ವಲ್ಪವೇ ಮನುಷ್ಯ ಕುಗ್ಗುತ್ತಾನೆ.

ಭೀಕರ ದೃಶ್ಯ ನೋಡಿದ ಮೇಲೆ ಕೆಲವು ದಿನ ನಿದ್ದೆ ಕೆಡುವುದು, ಅದೇ ಚಿತ್ರ ಕಣ್ಣಮುಂದೆ ಬರುವುದು, ಸಣ್ಣದಕ್ಕೂ ರೇಗುವುದು, ಅನ್ನ ಸೇರದಿರುವುದು, ಇದು ಯಾವುದೂ ಕಾಯಿಲೆ ಅಲ್ಲ. ಮನಸ್ಸು ತನ್ನ ಕೆಲಸ ತಾನು ಮಾಡುತ್ತಿದೆ ಅಷ್ಟೇ. ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಒಂದು ತಿಂಗಳು ಕಳೆದರೂ ಅದು ಬಿಡದೆ, ಆ ರಸ್ತೆಯಲ್ಲಿ ಹೋಗುವುದನ್ನೇ ತಪ್ಪಿಸುವ ಹಾಗಾಗಿ, ಸದ್ದಿಗೆ ಬೆಚ್ಚಿ, ಮನೆಯವರ ಜೊತೆ ಇದ್ದೂ ಇಲ್ಲದಂತಾದರೆ ಆಗ ಅದಕ್ಕೆ ಚಿಕಿತ್ಸೆ ಬೇಕು. ಇನ್ನೊಂದು ಮಾತು. ಕಣ್ಣಾರೆ ನೋಡಿದವರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. ಕೆಲಸದ ಭಾಗವಾಗಿ ಮತ್ತೆ ಮತ್ತೆ ಇಂಥ ವಿವರಗಳಿಗೆ ಸಿಕ್ಕವರಿಗೂ ಈ ತೊಂದರೆ ಆಗುತ್ತದೆ ಅಂತ 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿಕೊಂಡಿದೆ. 108ಕ್ಕೆ ಬಂದ ಕರೆ ಎತ್ತುವವರು ಏನನ್ನೂ ನೋಡುವುದಿಲ್ಲ. ಕೇಳುತ್ತಾರೆ. ತಾಯಿಯೊಬ್ಬಳು ಕೂಗುವುದನ್ನು ಕೇಳಿ ವಿಳಾಸ ಬರೆದುಕೊಂಡು, ಫೋನ್ ಇಟ್ಟು, ಮುಂದಿನ ಕರೆ ಎತ್ತುತ್ತಾರೆ. ಕಥೆಯ ಕೊನೆ ಅವರಿಗೆ ಗೊತ್ತಾಗುವುದೇ ಇಲ್ಲ. ಅವರನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈಗ ತಾಲೀಮಿನ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಆಂಬುಲೆನ್ಸ್ ಕೆಲಸಕ್ಕೆ ತರಬೇತಿ ಪಡೆಯುತ್ತಿದ್ದ 386 ಜನರನ್ನು ಎರಡು ವರ್ಷ ಗಮನಿಸಿದರು. ಅದು 2016ರಲ್ಲಿ ಪ್ರಕಟವಾಯಿತು. ಆ ಎರಡು ವರ್ಷದಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಆಘಾತದ ಕಾಯಿಲೆ, ಅಂದರೆ ಆಗಲೇ ಹೇಳಿದ ತಿಂಗಳಾದರೂ ಬಿಡದ ತೊಂದರೆ (ಪಿಟಿಎಸ್‌ಡಿ), ಬಂತು, ಸುಮಾರು 11 ಜನರಿಗೆ ಖಿನ್ನತೆ ಬಂತು. ಯಾರಿಗೆ ಬರಬಹುದು ಅನ್ನುವ ಸುಳಿವು ತರಬೇತಿಯ ಶುರುವಿನಲ್ಲೇ ಇತ್ತು. ಕೆಟ್ಟ ನೆನಪನ್ನು ಹಿಡಿದು ತಿರುಗಾ ಮುರುಗಾ ಯೋಚಿಸುವ ಅಭ್ಯಾಸ ಯಾರಿಗೆ ಮೊದಲೇ ಜಾಸ್ತಿ ಇತ್ತೋ ಅವರಿಗೆ ಆಘಾತದ ಕಾಯಿಲೆಯ ಸಾಧ್ಯತೆ ಹೆಚ್ಚು. ನಾನು ತಡಕೊಳ್ಳಬಲ್ಲೆ ಅನ್ನುವ ನಂಬಿಕೆ ಯಾರಿಗೆ ಕಡಿಮೆ ಇತ್ತೋ ಅವರಿಗೆ ಖಿನ್ನತೆಯ ಸಾಧ್ಯತೆ ಹೆಚ್ಚು.

ನನಗೆ ಇದರಲ್ಲಿ ಕಂಡ ದೊಡ್ಡ ವಿಷಯ ಇದು. ಎಂಥ ಅಪಘಾತ ನೋಡಬೇಕಾಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಆಮೇಲೆ ಅದರ ಬಗ್ಗೆ ಯೋಚಿಸುವ ರೀತಿ ಒಂದು ಅಭ್ಯಾಸ. ಅಭ್ಯಾಸ ಅಂದಮೇಲೆ ಬದಲಾಯಿಸಲು ಕಲಿಸಬಹುದು. ಅದೂ ಘಟನೆ ನಡೆಯುವ ಮುಂಚೆಯೇ ಕಲಿಸಬಹುದು. ಅದೇ ಸಂಶೋಧಕರು ಇದನ್ನು ಇಂಟರ್ನೆಟ್ ಪಾಠಗಳಾಗಿ ಮಾಡಿದರು, ಜೊತೆಗೆ ಫೋನಿನಲ್ಲಿ ಮಾತಾಡಿಸುವ ಒಬ್ಬ ಮನುಷ್ಯನನ್ನೂ ಇಟ್ಟರು.

ಆ ಪಾಠ ಹೇಗಿರುತ್ತದೆ? ನಮ್ಮ ಕಡೆಯ ಒಬ್ಬರನ್ನು ಇಟ್ಟುಕೊಂಡು ಹೇಳುತ್ತೇನೆ. ಇವರು ಒಬ್ಬ ವ್ಯಕ್ತಿಯಲ್ಲ. ನಾನು ಮಾತಾಡಿಸಿದ ಹಲವರನ್ನು ಸೇರಿಸಿ, ಗುರುತು ಸಿಗದ ಹಾಗೆ ಮಾಡಿದ ಒಬ್ಬ ಪಿಕಪ್ ಡ್ರೈವರ್.

ಮಳೆಗಾಲದ ರಾತ್ರಿ, ಘಾಟಿ ರಸ್ತೆ. ಲೋಡ್ ಲಾರಿಯೊಂದು ಬ್ರೇಕ್ ಸುಟ್ಟು ತಿರುವಿನಲ್ಲಿ ಕೆಳಗೆ ಜಾರಿದೆ. ಹಿಂದೆ ಬರುತ್ತಿದ್ದ ಇವರು ಗಾಡಿ ನಿಲ್ಲಿಸಿ, ಟಾರ್ಚ್ ಹಿಡಿದು ಇಳಿದರು. ಕ್ಲೀನರ್ ಹುಡುಗನನ್ನು ಎಳೆದು ಹಾಕಿದರು. ಡ್ರೈವರ್ ಸ್ಟೀರಿಂಗ್ ಮತ್ತು ಸೀಟಿನ ನಡುವೆ ಸಿಕ್ಕಿಕೊಂಡಿದ್ದ. ಮಾತಾಡುತ್ತಿದ್ದ. ಇವರ ಹತ್ತಿರ ಹಗ್ಗ ಇರಲಿಲ್ಲ, ಹಾರೆ ಇರಲಿಲ್ಲ. ಜನ ಸೇರುವಷ್ಟರಲ್ಲಿ ಮಾತು ನಿಂತಿತ್ತು. ಈಗ ಇವರಿಗೆ ಬೇರೆ ಯಾವ ತೊಂದರೆಯೂ ಇಲ್ಲ. ಘಾಟಿ ಇಳಿಯುವಾಗ ಯಾವುದೋ ಗಾಡಿಯ ಬಿಸಿ ಬ್ರೇಕಿನ ವಾಸನೆ ಬಂದರೆ ಮಾತ್ರ ಕೈ ನಡುಗುತ್ತದೆ, ಅಂಗೈ ಬೆವರುತ್ತದೆ, ಗಾಡಿ ಬದಿಗೆ ಹಾಕಬೇಕಾಗುತ್ತದೆ. ರಾತ್ರಿ ಮಲಗಿದರೆ ಒಂದೇ ಯೋಚನೆ. ಆವತ್ತು ಹಗ್ಗ ಇದ್ದಿದ್ದರೆ? ನಾನು ಚಹಾಕ್ಕೆ ಅಂತ ನಿಲ್ಲಿಸದೆ ಸೀದಾ ಬಂದಿದ್ದರೆ? ಯಾಕೆ ನನಗೇ ಹೀಗಾಯ್ತು?

ಪಾಠದ ಮೊದಲ ಭಾಗ ಆ ವಾಸನೆಗೆ. ನೆನಪು ನುಗ್ಗಿ ಬಂದಾಗ ಮನಸ್ಸಿಗೆ ಆವತ್ತು, ಇವತ್ತು ಎರಡೂ ಒಂದೇ ಆಗಿಬಿಡುತ್ತವೆ. ಅವನ್ನು ಬೇರೆ ಬೇರೆ ಮಾಡಬೇಕು. ಫೋನಿನಿಂದ ಕಿವಿಗೆ ಬರುವ ಪಾಠದ ದನಿ ಹೇಳುತ್ತದೆ: ಗಾಡಿ ಬದಿಗೆ ಹಾಕಿ. ಎರಡೂ ಪಾದ ನೆಲಕ್ಕೆ ಊರಿ. ಈಗ ಬಾಯಿಬಿಟ್ಟು ಹೇಳಿ, ಆವತ್ತಿಗೂ ಇವತ್ತಿಗೂ ಏನೇನು ವ್ಯತ್ಯಾಸ ಇದೆ? ಆವತ್ತು ರಾತ್ರಿ, ಇವತ್ತು ಹಗಲು. ಆವತ್ತು ಮಳೆ ಹೊಡೀತಿತ್ತು, ಇವತ್ತು ಬಿಸಿಲಿದೆ. ಆವತ್ತು ಲಾರಿ ಉರುಳಿತ್ತು, ಇವತ್ತು ಮುಂದಿನ ಬಸ್ಸು ಸುಮ್ನೆ ಇಳೀತಾ ಇದೆ. ಆವತ್ತು ಯಾರೋ ಕೂಗ್ತಿದ್ದರು, ಇವತ್ತು ಯಾರೂ ಕೂಗ್ತಿಲ್ಲ. ವಾಸನೆ ಒಂದೇ, ಉಳಿದದ್ದೆಲ್ಲ ಬೇರೆ. ಹೀಗೆ ಒಂದೊಂದೇ ವ್ಯತ್ಯಾಸ ಹೇಳುತ್ತಾ ಹೋದರೆ ಎದೆಬಡಿತ ಇಳಿಯುತ್ತದೆ. ಒಂದೇ ದಿನಕ್ಕಲ್ಲ. ಮಾಡುತ್ತಾ ಮಾಡುತ್ತಾ. ಆಮೇಲೆ ಬೇಕಂತಲೇ ಗ್ಯಾರೇಜಿನ ಹತ್ತಿರ ಹೋಗಿ, ಆ ವಾಸನೆ ಇರುವ ಕಡೆ ನಿಂತು ಇದನ್ನೇ ಅಭ್ಯಾಸ ಮಾಡಬೇಕು. ಇದು ಆಘಾತದ ಚಿಕಿತ್ಸೆಯಲ್ಲಿ ವರ್ಷಗಳಿಂದ ಬಳಸುತ್ತಾ ಬಂದಿರುವ ಕ್ರಮ. ಅದನ್ನು ಚಿಕ್ಕದು ಮಾಡಿ ಆಡಿಯೊಗೆ ಇಳಿಸಬಹುದು.

ಎರಡನೇ ಭಾಗ ರಾತ್ರಿಯ ಯೋಚನೆಗೆ. "ಯಾಕೆ" ಅಂತ, "ಹಾಗಾಗಿದ್ದರೆ" ಅಂತ ಶುರುವಾಗುವ ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ. ಉತ್ತರ ಇಲ್ಲದ್ದರಿಂದಲೇ ಅವು ನಿಲ್ಲುವುದಿಲ್ಲ. ಅವನ್ನು "ಈಗ ಏನು ಮಾಡಲಿ", "ಹೇಗೆ ಮಾಡಲಿ" ಅನ್ನುವ ಕಡೆಗೆ ತಿರುಗಿಸಬೇಕು. ಹಗ್ಗ ಇದ್ದಿದ್ದರೆ ಅನ್ನುವುದು ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಿ ಒಳ್ಳೆಯ ಹಗ್ಗ, ಒಂದು ಹಾರೆ ತಂದು ಗಾಡಿಯಲ್ಲಿ ಇಡುತ್ತೇನೆ ಅಂತ ಆಗಬೇಕು. ಇದು ಕೇಳಲು ತೀರಾ ಸುಲಭ ಅನ್ನಿಸುತ್ತದೆ. ನಡುರಾತ್ರಿ ಎರಡು ಗಂಟೆಗೆ ಸುಲಭವಲ್ಲ. ಅದಕ್ಕೇ ಮೊದಲೇ ಅಭ್ಯಾಸ ಬೇಕು. ಬೆಂಕಿ ಬಿದ್ದ ಮೇಲೆ ಪೈಪ್ ಜೋಡಿಸುವುದನ್ನು ಯಾರೂ ಕಲಿಯುವುದಿಲ್ಲ ಅಲ್ವಾ?

ಈಗ ಮೊಬೈಲಿನ ಇನ್ನೊಂದು ಮುಖ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿಯಿತು. ಆ ಮುಂದಿನ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಟಿವಿ, ಇಂಟರ್ನೆಟ್‌ಗಳಲ್ಲಿ ಅದನ್ನೇ ನೋಡಿದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತಲೂ ಹೆಚ್ಚಿನ ಒತ್ತಡ ಕಂಡುಬಂತು. ಸುಮ್ನೆ ನೋಡಿದವರಿಗೇ ಹೀಗೆ. ಅಂದಮೇಲೆ ಸ್ಥಳದಲ್ಲೂ ಇದ್ದು, ಆಮೇಲೆ ವಾಟ್ಸಾಪ್‌ನಲ್ಲೂ ಅದನ್ನೇ ನೋಡುವವರ ಪಾಡೇನು?

ನಮ್ಮಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತು. ಹೆಣ ಇನ್ನೂ ದಡಕ್ಕೆ ಬಂದಿರುವುದಿಲ್ಲ, ವಿಡಿಯೊ ಹತ್ತು ಗ್ರೂಪಿಗೆ ಹೋಗಿರುತ್ತದೆ. ಎತ್ತಿದವನು ಮನೆಗೆ ಬಂದು ಸ್ನಾನ ಮಾಡಿ ಫೋನ್ ತೆರೆದರೆ ಅದೇ ಮುಖ, ಅದೇ ಕೈ, ಕೆಳಗೆ ಕೈ ಮುಗಿದ ಚಿಹ್ನೆಗಳ ಸಾಲು. ಇಲ್ಲಿರುವ ಎಲ್ಲರಲ್ಲೂ ನನ್ನದೊಂದು ಬೇಡಿಕೆ. ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ಇವತ್ತೇ ನಿಲ್ಲಿಸಿ. ಕೆಲಸಕ್ಕೆ ಬೇಕಾದ ಚಿತ್ರ ಕೆಲಸದ ಅಧಿಕಾರಿಗೆ ಮಾತ್ರ ಹೋಗಲಿ. ಊರಿನ ಗ್ರೂಪಿಗೆ ಬೇಡ. ಸತ್ತವರ ಮನೆಯವರಿಗೆ ಅದರಿಂದ ಆಗುವ ನೋವು ಒಂದು ಕಡೆ. ನಿಮ್ಮ ಪಕ್ಕದಲ್ಲೇ ನಿಂತು ಹೆಣ ಎತ್ತಿದ ಹುಡುಗನಿಗೆ ಆಗುವ ನೋವು ಇನ್ನೊಂದು ಕಡೆ. ಮೊಬೈಲಿನ ತಾಲೀಮು ಅಂದರೆ ಮೊದಲ ಪಾಠ ಇದೇ ಆಗಬೇಕು ಅಂತ ನನ್ನ ಅಭಿಪ್ರಾಯ.

ಅದೇ ಫೋನಿನಿಂದ ಒಳ್ಳೆಯದೂ ಆಗಬಹುದು. ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರಲ್ಲಿ ರಸ್ತೆ ಅಪಘಾತವಾಗಿ ಬಂದ 71 ಜನರ ಮೇಲೆ ಒಂದು ಪ್ರಯೋಗ ನಡೆಯಿತು, 2017ರಲ್ಲಿ ಪ್ರಕಟವಾಯಿತು. ಅಪಘಾತವಾಗಿ ಆರು ಗಂಟೆಯೊಳಗೆ ಕೆಲವರಿಗೆ ಆ ದೃಶ್ಯವನ್ನು ಸ್ವಲ್ಪ ನೆನೆಸಿಕೊಳ್ಳಲು ಹೇಳಿ, ನಂತರ ಮೇಲಿನಿಂದ ಬೀಳುವ ಚೌಕಗಳನ್ನು ಜೋಡಿಸುವ ಟೆಟ್ರಿಸ್ ಆಟ ಆಡಿಸಿದರು. ಮುಂದಿನ ಒಂದು ವಾರ ಅವರಿಗೆ, ಆಡದವರಿಗಿಂತ, ತಾನಾಗಿ ನುಗ್ಗಿ ಬರುವ ದೃಶ್ಯಗಳು ಶೇಕಡಾ 62ರಷ್ಟು ಕಡಿಮೆ ಇದ್ದವು. ದೃಶ್ಯ ಮನಸ್ಸಿನಲ್ಲಿ ಗಟ್ಟಿಯಾಗುವ ಹೊತ್ತಿನಲ್ಲೇ ಕಣ್ಣಿಗೆ ಸಂಬಂಧಿಸಿದ ಬೇರೆ ಕೆಲಸ ಕೊಟ್ಟರೆ ಅದು ಅಷ್ಟು ಆಳಕ್ಕೆ ಇಳಿಯುವುದಿಲ್ಲ ಅನ್ನುವುದು ಇದರ ಹಿಂದಿನ ತರ್ಕ. ಸಣ್ಣ ಪ್ರಯೋಗ ಇದು. ಮನೆಮದ್ದು ಅಂತ ತಿಳಿಯಬೇಡಿ.

ಇನ್ನು ನಾವು ಒಳ್ಳೆಯದು ಅಂದುಕೊಂಡು ಮಾಡುವ ಒಂದು ಕೆಲಸದ ಬಗ್ಗೆ ಎಚ್ಚರಿಕೆ ಹೇಳಬೇಕು. ಘಟನೆಯಾದ ಮಾರನೇ ದಿನ ಎಲ್ಲರನ್ನೂ ಸುತ್ತ ಕೂರಿಸಿ, ಏನು ನೋಡಿದೆ, ಏನನ್ನಿಸಿತು, ಎಲ್ಲ ಹೇಳು ಅಂತ ಒತ್ತಾಯ ಮಾಡುವುದು. 1983ರಲ್ಲಿ ಅಮೆರಿಕದಲ್ಲಿ ಮಾಜಿ ಅಗ್ನಿಶಾಮಕ ಸಿಬ್ಬಂದಿಯೊಬ್ಬರೇ ಈ ಕ್ರಮ ಬರೆದರು. ಒಳ್ಳೆಯ ಮನಸ್ಸಿನಿಂದಲೇ. ಪ್ರಪಂಚದ ತುಂಬಾ ಹರಡಿತು. ಆಮೇಲೆ ಪರೀಕ್ಷಿಸಿ ನೋಡಿದಾಗ, ಒಂದೇ ಸಲ ಕೂರಿಸಿ ಎಲ್ಲವನ್ನೂ ಹೊರಹಾಕಿಸುವುದರಿಂದ ಕಾಯಿಲೆ ತಡೆದಂತಾಗಲಿಲ್ಲ, ಕೆಲವರಿಗೆ ಹೆಚ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅದರ ಬದಲು ಮನಸ್ಸಿನ ಪ್ರಥಮ ಚಿಕಿತ್ಸೆಯನ್ನು ಸೂಚಿಸುತ್ತದೆ. 2011ರಲ್ಲಿ ಅದರ ಕೈಪಿಡಿ ಬಂತು. ಅದರ ತಿರುಳು ಮೂರೇ: ನೋಡು, ಕೇಳು, ಜೋಡಿಸು. ಪಕ್ಕದವನು ಹೇಗಿದ್ದಾನೆ ನೋಡು. ಅವನಾಗಿ ಹೇಳಿದರೆ ಕೇಳು, ಕೆದಕಬೇಡ. ಬೇಕಾದ ಜನರಿಗೆ, ಬೇಕಾದ ಸಹಾಯಕ್ಕೆ ಜೋಡಿಸು. ಬಿಸಿ ಕಾಫಿ, ಒಣ ಬಟ್ಟೆ, ಮನೆಗೆ ಒಂದು ಫೋನ್, ಇವು ಆ ಹೊತ್ತಿನ ಔಷಧ.

ನಮ್ಮ ಹಳ್ಳಿಗಳಲ್ಲಿ ಇದರ ಒಂದು ತುಣುಕು ಮೊದಲಿನಿಂದ ಇದೆ. ಹೆಣ ಮುಟ್ಟಿ ಬಂದವರು ಸೀದಾ ಒಳಗೆ ಬರುವುದಿಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯಲ್ಲಿ ನೀರು ಕಾಯಿಸಿಟ್ಟಿರುತ್ತಾರೆ. ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ ಒಳಗೆ ಬರಬೇಕು. ಅದರ ಹಿಂದಿನ ಮಡಿಮೈಲಿಗೆಯ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಆದರೆ ಆ ಬಿಸಿನೀರು, ಆ ಕೆಲಸ ಮುಗಿಯಿತು ಅಂತ ಮೈಗೆ ತಿಳಿಸುವ ಆ ಸ್ವಲ್ಪ ಹೊತ್ತು, ಇದು ಬೇಕು. ಸ್ಟೇಷನ್ನುಗಳಲ್ಲಿ ಬಿಸಿನೀರಿನ ವ್ಯವಸ್ಥೆ ಇಲ್ಲದ ಕಡೆ ಮೊದಲು ಅದನ್ನು ಮಾಡಿ, ಆಮೇಲೆ ಆ್ಯಪ್ ತನ್ನಿ ಅಂತ ನಾನು ಅಧಿಕಾರಿಗಳಿಗೆ ಹೇಳುತ್ತೇನೆ.

ಕುಡಿತದ ವಿಷಯವನ್ನೂ ಬಿಡುವ ಹಾಗಿಲ್ಲ. ಹೊಳೆಯಿಂದ ಹೆಣ ಎತ್ತಿದವನಿಗೆ ಊರಿನವರು ಏನು ಕೊಡುತ್ತಾರೆ? ಒಂದು ಕ್ವಾರ್ಟರ್ ಬಾಟ್ಲಿ. ಇಳಿಯುವ ಮುಂಚೆ ಒಂದು, ಎತ್ತಿದ ಮೇಲೆ ಒಂದು. ಅದು ಅವನಿಗೆ ಸಿಗುವ ಏಕೈಕ ಚಿಕಿತ್ಸೆ ಮತ್ತು ಏಕೈಕ ಸಂಬಳ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ ನಿಜ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಒಡೆಯುತ್ತದೆ, ಕನಸುಗಳು ಬರುತ್ತವೆ, ಮಾರನೇ ದಿನ ಮತ್ತೆ ಬೇಕನ್ನಿಸುತ್ತದೆ. ಇಂಥ ಕೆಲಸಕ್ಕೆ ಯಾವ ಕೇರಿಯವರನ್ನು ಕರೆಯುತ್ತೇವೆ ಅನ್ನುವುದೂ ಊರಿಗೆಲ್ಲ ಗೊತ್ತಿರುವ ವಿಷಯ. ಅವರಿಗೆ ಸಮವಸ್ತ್ರ ಇಲ್ಲ, ವಿಮೆ ಇಲ್ಲ, ಪೇಪರಿನಲ್ಲಿ ಹೆಸರೂ ಬರುವುದಿಲ್ಲ. ತರಬೇತಿ ಯೋಜನೆ ಬರೆಯುವಾಗ ಮೊದಲು ಇವರ ಹೆಸರು ಬರೆಯಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದ ಮಿತ್ರ ಯೋಜನೆ ಊರಿನ ಜನರಿಗೇ ರಕ್ಷಣೆಯ ತರಬೇತಿ ಕೊಡುತ್ತದೆ. ಅಂಥ ಬಾಗಿಲು ಇದ್ದಾಗ ಇವರನ್ನು ಅದರೊಳಗೆ ಕರೆದುಕೊಳ್ಳುವುದು ಕಷ್ಟವಲ್ಲ.

ಮೊಬೈಲ್ ಪಾಠ ಮಲೆನಾಡಿಗೆ ಹೇಗೆ ಒಗ್ಗಬೇಕು? ಪೇಟೆಯವರು ಮಾಡುವ ಆ್ಯಪ್‌ಗಳು ಯಾವಾಗಲೂ ನೆಟ್‌ವರ್ಕ್ ಇದೆ ಅಂದುಕೊಂಡು ಮಾಡಿರುತ್ತಾರೆ. ನಮ್ಮಲ್ಲಿ ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಕೂತಿದ್ದನ್ನು ಕೊರೋನಾ ಕಾಲದಲ್ಲಿ ನೋಡಿದ್ದೇವೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ, ಫೋನ್ ಸುಮ್ಮನಾಗುತ್ತದೆ. ಪಾಠ ಅತಿ ಹೆಚ್ಚು ಬೇಕಾಗುವ ಹೊತ್ತು ಅದೇ. ಹಾಗಾಗಿ ಅದು ಮೇ ತಿಂಗಳಲ್ಲೇ ಫೋನಿನೊಳಗೆ ಇಳಿದಿರಬೇಕು. ವಿಡಿಯೊಗಿಂತ ಆಡಿಯೊ ಮೇಲು. ಗಾಡಿ ಓಡಿಸುತ್ತಾ, ಡ್ಯೂಟಿ ಮುಗಿಸಿ ಮನೆಗೆ ನಡೆಯುತ್ತಾ ಕೇಳಬಹುದು. ಹತ್ತು ನಿಮಿಷಕ್ಕಿಂತ ಉದ್ದ ಬೇಡ. ಭಾಷೆ ನಮ್ಮದಾಗಿರಬೇಕು. ನಮ್ಮ ಕಡೆಯವರೇ ಓದಬೇಕು. ಸುದ್ದಿ ಓದುವ ದನಿಯಲ್ಲಿ ಸಾಂತ್ವನ ಹೇಳಿದರೆ ಯಾರಿಗೆ ಹಿಡಿಸುತ್ತದೆ?

ಅದರ ಜೊತೆ ಮನುಷ್ಯ ಬೇಕು. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. 2019ರಲ್ಲಿ ಮಾನಸಿಕ ಆರೋಗ್ಯದ 93 ಆ್ಯಪ್‌ಗಳ ಬಳಕೆಯನ್ನು ಅಳೆದು ನೋಡಿದ ಲೆಕ್ಕ ಪ್ರಕಟವಾಯಿತು. ಹಾಕಿಕೊಂಡು ಹದಿನೈದು ದಿನ ಆಗುವಷ್ಟರಲ್ಲಿ ಇನ್ನೂ ಬಳಸುತ್ತಿದ್ದವರು ನೂರಕ್ಕೆ ಸುಮಾರು 4 ಜನ. ಉಳಿದವರೆಲ್ಲ ಬಿಟ್ಟಿದ್ದರು. ಆ್ಯಪ್ ಕೊಟ್ಟು ಕೈ ತೊಳೆದುಕೊಂಡರೆ ನಮ್ಮಲ್ಲೂ ಅದೇ ಆಗುತ್ತದೆ. ವಾರಕ್ಕೊಮ್ಮೆ ಫೋನ್ ಮಾಡಿ "ಎರಡನೇ ಪಾಠ ಕೇಳಿದ್ರಾ ಅಣ್ಣಾ, ಹೇಗಿತ್ತು?" ಅಂತ ಕೇಳುವ ಒಬ್ಬರು ಇದ್ದರೆ ಲೆಕ್ಕ ಬದಲಾಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿ ಆ ಕೆಲಸ ಮಾಡಬಹುದು. ನಿವೃತ್ತರಾದ ಹಿರಿಯ ಫೈರ್‌ಮನ್, ಹಿರಿಯ ನರ್ಸ್ ಇನ್ನೂ ಚೆನ್ನಾಗಿ ಮಾಡಬಹುದು. ಕಲಿಸುವವರನ್ನು ಹುಡುಕಿ ದೂರ ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು 1984ರ ಭೋಪಾಲ್ ದುರಂತದ ನಂತರ ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನಸ್ಸಿನ ಆರೈಕೆ ಕಲಿಸಲು ಹೋಗಿದ್ದರು. 2018ರಿಂದ ಅವರದೇ ಡಿಜಿಟಲ್ ಅಕಾಡೆಮಿ ಇದೆ, ಆನ್‌ಲೈನ್‌ನಲ್ಲೇ ವೈದ್ಯರಿಗೆ, ನರ್ಸ್‌ಗಳಿಗೆ ತರಬೇತಿ ನಡೆಯುತ್ತದೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ, ಮನೋರೋಗ ವಿಭಾಗ ಇದೆ. ದಾರ ಇದೆ, ಸೂಜಿ ಇದೆ, ಪೋಣಿಸುವವರು ಬೇಕು.

ಗುಟ್ಟು ಗುಟ್ಟಾಗಿಯೇ ಉಳಿಯಬೇಕು. ಪಾಠದ ನಡುವೆ "ನಿಮಗೆ ನಿದ್ದೆ ಬರುತ್ತಾ?" ಅಂತ ಪ್ರಶ್ನೆ ಬರುತ್ತದೆ. ಅದಕ್ಕೆ ಕೊಟ್ಟ ಉತ್ತರ ಮೇಲಧಿಕಾರಿಯ ಟೇಬಲ್ಲಿಗೆ ಹೋಗುತ್ತದೆ ಅನ್ನುವ ಅನುಮಾನ ಬಂದರೆ ಒಬ್ಬರೂ ನಿಜ ಹೇಳುವುದಿಲ್ಲ. ಬಡ್ತಿ ಹೋಗಬಹುದು, ವರ್ಗಾವಣೆ ಆಗಬಹುದು, ಗುತ್ತಿಗೆ ಕೆಲಸವಾದರೆ ಕೆಲಸವೇ ಹೋಗಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಮಾಹಿತಿ ಗೌಪ್ಯವಾಗಿರಬೇಕು ಅನ್ನುತ್ತದೆ. ಆ್ಯಪ್ ಮಾಡುವವರು, ಮಾಡಿಸುವ ಇಲಾಖೆಗಳು ಅದೇ ನಿಯತ್ತನ್ನು ಇಲ್ಲೂ ಇಟ್ಟುಕೊಳ್ಳಬೇಕು. ಹೆಸರು ಕೇಳದೆಯೇ ಪಾಠ ತೆರೆಯುವ ಹಾಗಿರಲಿ.

ಇನ್ನೊಂದು ಮಾತು ಅಧಿಕಾರಿಗಳಿಗೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಪಾಠ ಕೇಳಿಸಿ, ಮೂರನೇ ರಾತ್ರಿಯೂ ಅದೇ ಮನುಷ್ಯನನ್ನು ಡ್ಯೂಟಿಗೆ ಹಾಕಿದರೆ ಆ ಪಾಠ ಅವಮಾನವಾಗುತ್ತದೆ. ಒಳ್ಳೆಯ ಬೂಟು, ರೇನ್‌ಕೋಟು, ಸಾಕಷ್ಟು ಜನ, ಸರದಿಯ ರಜೆ, ಇವು ಇಲ್ಲದೆ ಇರುವುದರ ಹೊರೆಯನ್ನು ಮನಸ್ಸಿನ ಮೇಲೆ ಹಾಕಬಾರದು. ಆಶಾ ಕಾರ್ಯಕರ್ತೆಯರನ್ನೇ ನೋಡಿ. 2019ರಲ್ಲಿ ಸಾಗರದ ಅರಳಗೋಡಿನ ಕಡೆ ಮಂಗನ ಕಾಯಿಲೆ ಹಬ್ಬಿದಾಗ, ಆಮೇಲೆ ಕೊರೋನಾದಲ್ಲಿ, ಮನೆಮನೆಗೆ ಹೋದವರು ಅವರು. ಪರಿಚಯದವರೇ ಸತ್ತ ಮನೆಗೆ ಮತ್ತೆ ಹೋಗಿ ಮಾಹಿತಿ ಬರೆದುಕೊಂಡವರು. ಅವರ ಫೋನಿಗೆ ವರದಿ ಕಳಿಸು ಅನ್ನುವ ಮೆಸೇಜ್ ಹಗಲೂ ರಾತ್ರಿ ಬರುತ್ತದೆ. ಅದೇ ಫೋನಿಗೆ ನೆಮ್ಮದಿಯ ಪಾಠವನ್ನೂ ಇನ್ನೊಂದು ಟಾರ್ಗೆಟ್ ಮಾಡಿ ಕಳಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಪ್ರಶ್ನೆಗಳು ಸುಮಾರು ಬಂದವು. ಗೃಹರಕ್ಷಕ ದಳದ ಒಬ್ಬರು ಕೇಳಿದರು: "ಸಾರ್, ನಮ್ಮ ಹತ್ರ ಸ್ಮಾರ್ಟ್ ಫೋನೇ ಇಲ್ಲ, ಕೀಪ್ಯಾಡ್ ಸೆಟ್ಟು. ನಮಗೇನು?" ಅದಕ್ಕೆ ಉತ್ತರ 14416. ಟೆಲಿ ಮಾನಸ್ ಅಂತ ಅದರ ಹೆಸರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಮಾಮೂಲಿ ಫೋನಿನಿಂದ ಸಾಕು. ಆಡಿಯೊ ಪಾಠವನ್ನು ಮೆಮೊರಿ ಕಾರ್ಡಿಗೆ ಹಾಕಿಕೊಟ್ಟರೆ ಕೀಪ್ಯಾಡ್ ಸೆಟ್ಟುಗಳಲ್ಲೂ ಹೆಚ್ಚಿನವು ಹಾಡು ಹಾಡಿದ ಹಾಗೆ ಅದನ್ನೂ ಹಾಡುತ್ತವೆ.

ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಮನೆಯವರು ಹಿಂದಿನ ಸಾಲಿನಲ್ಲಿ ಕೂತಿದ್ದರು. "ನಮ್ಮನೆಯವರು ಬಂದವರೇ ಮಾತಾಡಲ್ಲ. ಕೇಳಿದ್ರೆ ಸಿಟ್ಟು. ಕೇಳದೇ ಇದ್ರೆ ನಿಂಗೇನೂ ಇಲ್ಲ ಅಂತಾರೆ. ನಾನೇನ್ ಮಾಡ್ಲಿ ಸಾರ್?" ನಾನು ಹೇಳಿದ್ದು ಇಷ್ಟು. ಏನಾಯ್ತು ಅಂತ ಕೇಳಬೇಡಿ ಅಮ್ಮಾ. ಊಟ ಹಾಕಿ, ಟಿವಿ ಸುದ್ದಿ ಆರಿಸಿ, ಪಕ್ಕದಲ್ಲಿ ಕೂತಿರಿ. "ಹೇಳಬೇಕು ಅನ್ನಿಸಿದಾಗ ಹೇಳಿ, ನಾನಿಲ್ಲೇ ಇರ್ತೀನಿ" ಅಂತ ಒಂದು ಸಲ ಹೇಳಿ ಸಾಕು. ಮಕ್ಕಳಿಗೆ, ಅಪ್ಪ ಇವತ್ತು ಕಷ್ಟದ ಕೆಲಸ ಮಾಡಿ ಬಂದಿದ್ದಾರೆ, ಸಿಟ್ಟು ನಿಮ್ಮ ಮೇಲಲ್ಲ ಅಂತ ಹೇಳಿ. ಇಲ್ಲದಿದ್ದರೆ ಮಕ್ಕಳು ತಮ್ಮಿಂದಲೇ ಹೀಗಾಯ್ತು ಅಂದುಕೊಳ್ಳುತ್ತವೆ. ಇಷ್ಟೆಲ್ಲ ಮಾಡಿ ನೀವೂ ಸುಸ್ತಾಗುತ್ತೀರಿ. ಆ 14416 ನಿಮಗೂ ಇದೆ.

ಕೊನೆಯ ಪ್ರಶ್ನೆ ಒಬ್ಬ ಹುಡುಗನದು. ತುಂಗಾ ದಡದವನು, ಈಜುಗಾರ. ಯಾವಾಗ ಡಾಕ್ಟರ ಹತ್ತಿರ ಹೋಗಬೇಕು ಅಂತ ಗೊತ್ತಾಗೋದು ಹೇಗೆ ಅಂತ ಕೇಳಿದ. ಒಂದು ತಿಂಗಳಾದರೂ ಕಡಿಮೆಯಾಗದಿದ್ದರೆ ಹೋಗು. ಕುಡಿಯದೆ ನಿದ್ದೆ ಬರುವುದಿಲ್ಲ ಅನ್ನುವಂತಾದರೆ ತಿಂಗಳು ಕಾಯಬೇಡ. ನೀರಿಗೆ ಇಳಿಯಲು ಭಯವಾದರೆ, ಅದನ್ನು ಮುಚ್ಚಿಟ್ಟುಕೊಂಡು ಇಳಿಯಬೇಡ. ನಿನ್ನ ಜೀವಕ್ಕೂ ಅಪಾಯ, ಪಕ್ಕದವನಿಗೂ ಅಪಾಯ. ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಅವತ್ತೇ ಯಾರಿಗಾದರೂ ಹೇಳು, ಅವತ್ತೇ ಫೋನ್ ಮಾಡು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗು. ಒಬ್ಬನೇ ಹೋಗಲು ಸಂಕೋಚವಾದರೆ ಜೊತೆಗೆ ಈಜುವ ಗೆಳೆಯನನ್ನು ಕರೆದುಕೊಂಡು ಹೋಗು. ಅವನಿಗೂ ಕೇಳಲಿಕ್ಕೆ ಏನಾದರೂ ಇದ್ದೀತು.